ಅಂಕಿತವಿಲ್ಲದ ಬಂದೂಕು

ಬಿಡಿಭಾಗಗಳಾಗಿ ಮಾರಾಟವಾಗುವ ವಸ್ತುವಿನ ಹೊಣೆಯೂ ಬಿಡಿಬಿಡಿಯಾಗಿ ಹಂಚಿಹೋಗುತ್ತದೆ. ವಸ್ತು ಸೈಕಲ್ಲೋ ಹೊಲಿಗೆಯಂತ್ರವೋ ಆಗಿದ್ದರೆ ಇದರಿಂದ ಲೋಕಕ್ಕೆ ದೊಡ್ಡ ಕೇಡಿಲ್ಲ. ಚಕ್ರ ಒಬ್ಬನದು, ಸರಪಳಿ ಇನ್ನೊಬ್ಬನದು, ಕೂಡಿಸಿದವನು ಮೂರನೆಯವನು. ಮುರಿದುಬಿದ್ದರೆ ಮೂವರೂ ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಾರೆ, ನಾವು ಗೊಣಗಿಕೊಂಡು ರಿಪೇರಿ ಮಾಡಿಸಿಕೊಳ್ಳುತ್ತೇವೆ. ಆದರೆ ಆ ವಸ್ತು ಬಂದೂಕಾದಾಗ ಏನು? ಅಮೆರಿಕದ ಗೃಹಸ್ಥನೊಬ್ಬನು ರೈಫಲಿನ ನಳಿಗೆಯನ್ನು ಒಂದು ಅಂಗಡಿಯಿಂದ, ಬೋಲ್ಟನ್ನು ಮತ್ತೊಂದರಿಂದ, ಭುಜಕ್ಕಾನಿಸುವ ಹಿಡಿಯನ್ನು ಮಗದೊಂದರಿಂದ ಅಂಚೆಯಲ್ಲಿ ತರಿಸಿಕೊಂಡು ಊಟದ ಮೇಜಿನ ಮೇಲೆಯೇ ಜೋಡಿಸಬಹುದು. ಆ ದೇಶದ ಹೆಚ್ಚಿನ ಕಡೆಗಳಲ್ಲಿ ಇದು ಅಪರಾಧವಲ್ಲ, ಹವ್ಯಾಸ. ಹೀಗೆ ಹರಡಿಕೊಂಡ ಭಾಗಗಳ ನಡುವೆ ಬಂದೂಕು ಎಲ್ಲಿದೆ, ಅದರ ಹೊಣೆ ಯಾರದು ಎಂಬುದು ನಾನು ಇಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ.

ಹೊರನಾಡ ಕನ್ನಡಿಗರ ಪತ್ರಿಕೆಯಲ್ಲಿ ಈ ವಿಷಯಕ್ಕೇನು ಸ್ಥಾನ ಎಂದು ವಾಚಕ ಮಿತ್ರರು ಕೇಳಬಹುದು. ಧಾರವಾಡ, ಬಿಜಾಪುರ, ಮಂಗಳೂರುಗಳಿಂದ ಮುಂಬಯಿ, ಪುಣೆಗಳಿಗೆ ಬಂದು ಸಂಘಗಳನ್ನು ಕಟ್ಟಿದವರ ಮಕ್ಕಳು ಮೊಮ್ಮಕ್ಕಳು ಇಂದು ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಿ ಮನೆ ಮಾಡಿದ್ದಾರೆ. ಆ ನೆಲದ ಹವ್ಯಾಸಗಳೂ ವಾದಗಳೂ ನಮ್ಮ ಮನೆಮಾತಿನಲ್ಲಿ ಸೇರಿಕೊಂಡಿವೆ. ಟೆಕ್ಸಾಸಿನಲ್ಲಿ ನೆಲೆಸಿ ಅಲ್ಲಿನ ಪೌರನೂ ಆಗಿರುವ ನನ್ನ ಅಕ್ಕನ ಮಗ ತನ್ನ ಮೊದಲ ರೈಫಲನ್ನು ತಾನೇ ಜೋಡಿಸುವ ಹಂಬಲದಿಂದ, ಕೊಳ್ಳಬೇಕಾದ ಭಾಗಗಳ ಪಟ್ಟಿಯೊಂದನ್ನು ನನಗೆ ಕಳಿಸಿ ಅಭಿಪ್ರಾಯ ಕೇಳಿದ. "ಮಾಮಾ, ಕೈಲೇ ಮಾಡಿದ್ದರ ಸುಖಾನ ಬ್ಯಾರೆ ಅಂತ ನೀವ ಹೇಳ್ತಿದ್ರಿ" ಎಂದು ಅದರ ಜೊತೆಗೆ ಬರೆದಿದ್ದ. ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದ ನನಗೆ ಆ ಮಾತನ್ನು ಅಲ್ಲಗಳೆಯಲು ಆಗುವುದಿಲ್ಲ. ಬಂದೂಕೆಂದರೆ ಬೆಚ್ಚಿ ಕಿವಿ ಮುಚ್ಚಿಕೊಳ್ಳುವುದು ನನ್ನ ಅಕ್ಕನಿಗೆ ಸಹಜವಾಗಿತ್ತು. ನನಗೆ ಅದು ಸಾಲದು ಅನ್ನಿಸಿತು. ಆದ್ದರಿಂದ ಆ ಪಟ್ಟಿಯನ್ನು ಮೊದಲು ಕುಶಲಕರ್ಮಿಯ ಕಣ್ಣಿನಿಂದಲೇ ಓದಿದೆ.

ಪಟ್ಟಿಯಲ್ಲಿದ್ದುದು ಎಆರ್-೧೫ ಎಂದು ಹೆಸರಾದ ರೈಫಲಿನ ಭಾಗಗಳು. ಈ ಹೆಸರಿನ ಮೊದಲ ಎರಡಕ್ಷರ 'ಆರ್ಮಲೈಟ್ ರೈಫಲ್' ಎಂಬುದರ ಸಂಕ್ಷೇಪ. ವಿಮಾನ ತಯಾರಿಸುವ ಫೇರ್‌ಚೈಲ್ಡ್ ಕಂಪನಿಯ ಅಂಗವಾಗಿದ್ದ ಆರ್ಮಲೈಟ್ ಸಂಸ್ಥೆಯಲ್ಲಿ ಯೂಜೀನ್ ಸ್ಟೋನರ್ ೧೯೫೦ರ ದಶಕದಲ್ಲಿ ಮರ-ಉಕ್ಕುಗಳ ಜಾಗದಲ್ಲಿ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕನ್ನು ತಂದು ಹಗುರವಾದ ಬಂದೂಕಿನ ವಿನ್ಯಾಸ ಮಾಡಿದ. ೧೯೫೯ರಲ್ಲಿ ಅದರ ಹಕ್ಕನ್ನು ಕೋಲ್ಟ್ ಕಂಪನಿ ಕೊಂಡಿತು. ಅದೇ ಮುಂದೆ ಎಂ-೧೬ ಎಂಬ ಸೇನಾ ರೈಫಲಾಗಿ ವಿಯೆಟ್ನಾಮಿಗೆ ಹೋಯಿತು. ಒಂದೊಂದೇ ಗುಂಡು ಹಾರಿಸುವ ನಾಗರಿಕ ರೂಪ ೧೯೬೪ರಿಂದ ಮಾರುಕಟ್ಟೆಗೆ ಬಂತು. ಮೂಲ ಪೇಟೆಂಟಿನ ಅವಧಿ ೧೯೭೭ರಲ್ಲಿ ಮುಗಿದ ಬಳಿಕ ಯಾರು ಬೇಕಾದರೂ ಅದೇ ಅಳತೆಗಳಿಗೆ ಭಾಗಗಳನ್ನು ತಯಾರಿಸಬಹುದಾಯಿತು. ಸೇನೆಗಾಗಿ ನಿಗದಿಯಾದ ಅಳತೆಗಳೇ ಎಲ್ಲರಿಗೂ ಆಧಾರವಾದುದರಿಂದ ಒಬ್ಬರ ನಳಿಗೆ ಇನ್ನೊಬ್ಬರ ಒಡಲಿಗೆ ಕೂಡುತ್ತದೆ. ಮನೆಯಲ್ಲಿ ಬಂದೂಕು ಜೋಡಿಸುವ ಹವ್ಯಾಸದ ಬುಡದಲ್ಲಿರುವುದು ಈ ಸಮಾನ ಅಳತೆಯೇ.

ಭಾಗಗಳನ್ನು ಆರಿಸುವುದು ಸುಲಭದ ವಿಷಯವಲ್ಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೆರೆಗಳಿರುತ್ತವೆ; ಗುಂಡಿಗೆ ಬುಗುರಿಯ ತಿರುಗು ಕೊಡುವುದು ಅವೇ. ಸುರುಳಿ ಏಳು ಇಂಚಿಗೊಂದು ಸುತ್ತೋ, ಒಂಬತ್ತು ಇಂಚಿಗೊಂದು ಸುತ್ತೋ ಎಂಬುದನ್ನು ಹಾರಿಸಲಿರುವ ಗುಂಡಿನ ತೂಕ ನೋಡಿ ನಿರ್ಧರಿಸಬೇಕು. ತೋಟಾ ಕೂರುವ ಕೋಣೆಯ ಅಳತೆ ಇನ್ನೂ ಮುಖ್ಯ. ೫.೫೬ ಮಿಲಿಮೀಟರಿನ ಸೇನಾ ತೋಟಾವೂ .೨೨೩ ರೆಮಿಂಗ್ಟನ್ ಎಂಬ ನಾಗರಿಕ ತೋಟಾವೂ ನೋಡಲು ಅವಳಿಗಳು. ಆದರೆ ಮೊದಲನೆಯದನ್ನು ಎರಡನೆಯದಕ್ಕೆಂದು ಕೊರೆದ ಕೋಣೆಯಲ್ಲಿಟ್ಟು ಹಾರಿಸಿದರೆ ಒತ್ತಡ ಮಿತಿಮೀರಬಹುದು. ಬೋಲ್ಟಿನ ಮುಖಕ್ಕೂ ತೋಟಾದ ತಳಕ್ಕೂ ನಡುವೆ ಇರಬೇಕಾದ ಅಂತರವನ್ನು ಗೇಜಿನಿಂದ ಅಳೆದು ನೋಡದೆ ಜೋಡಿಸುವವನು ತನ್ನ ಮುಖದಿಂದ ಒಂದು ಗೇಣು ದೂರದಲ್ಲಿ ಸ್ಫೋಟವನ್ನು ಜೂಜಿಗಿಟ್ಟಂತೆಯೇ. ಇನ್ನು ಹೆಸರುಗಳ ಮಾತು. ಅಂಗಡಿಗಳಲ್ಲಿ ಹತ್ತಾರು ಕಂಪನಿಗಳ ಒಡಲುಗಳಿರುತ್ತವೆ. ಅವುಗಳಲ್ಲಿ ಬಹುಪಾಲಿನ ಅಲ್ಯೂಮಿನಿಯಂಗೆ ಬಡಿತ ಕೊಡುವ ಕುಲುಮೆಗಳು ಮಾತ್ರ ಬೆರಳೆಣಿಕೆಯವು. ದುಬಾರಿ ಹೆಸರಿಗೆ ಹಣ ಸುರಿಯುವ ಮೊದಲು ಗ್ರಾಹಕನು ಇದನ್ನು ತಿಳಿದಿರಬೇಕು. ದುಡ್ಡನ್ನು ನಳಿಗೆ, ಬೋಲ್ಟು, ಟ್ರಿಗರುಗಳಿಗೆ ಹಾಕು, ಮೈಬಣ್ಣಕ್ಕೂ ತೋರಿಕೆಗೂ ಹಾಕಬೇಡ ಎಂದು ಅಲ್ಲಿನ ಅನುಭವಿಗಳು ಹೊಸಬರಿಗೆ ಹೇಳುವ ಬುದ್ಧಿಮಾತು ನಮ್ಮ ಟೂಲ್‌ರೂಮಿನ ಬುದ್ಧಿಮಾತೂ ಹೌದು.

ಇಷ್ಟನ್ನು ವಿವರಿಸಲು ಕಾರಣವಿದೆ. ಮನೆಯಲ್ಲಿ ಬಂದೂಕು ಜೋಡಿಸುವವರೆಲ್ಲ ರಕ್ತಪಿಪಾಸುಗಳು ಎಂಬ ಭಾವನೆ ನಮ್ಮ ನಗರಗಳ ಸುಶಿಕ್ಷಿತರಲ್ಲಿದೆ. ಅದು ಅನ್ಯಾಯ. ಹತ್ತು ಕಡೆಯ ಭಾಗಗಳನ್ನು ತೂಗಿ ನೋಡಿ, ಅಳೆದು, ಕೂಡಿಸಿ, ಗುರಿಫಲಕದ ಮೇಲೆ ಐದು ರಂಧ್ರಗಳನ್ನು ಒಂದು ನಾಣ್ಯದಡಿ ಮುಚ್ಚುವಂತೆ ಮಾಡುವುದರಲ್ಲಿ ನಿಜವಾದ ಆನಂದವಿದೆ. ವೀಣೆ ಮಾಡುವವನಿಗೂ ಗಡಿಯಾರ ಬಿಚ್ಚಿ ಕೂಡಿಸುವವನಿಗೂ ಇರುವ ಆನಂದದ ಜಾತಿಯೇ ಅದು. ಆ ಆನಂದವನ್ನು ಹಳಿದು ಮಾತು ಮುಗಿಸುವವರ ವಾದವನ್ನು ಬಂದೂಕು ಕೊಳ್ಳುವವನು ಕೇಳಿಸಿಕೊಳ್ಳುವುದಿಲ್ಲ, ಕೇಳಿಸಿಕೊಳ್ಳಬೇಕಾಗಿಯೂ ಇಲ್ಲ.

ಆದರೆ ವೀಣೆಗೂ ಬಂದೂಕಿಗೂ ಇರುವ ಭೇದವನ್ನು ಮರೆಯಲಾಗದು. ಅಮೆರಿಕದ ಕಾನೂನು ಈ ಭೇದವನ್ನು ಗುರುತಿಸಿದ ಬಗೆ ಕುತೂಹಲಕರವಾದುದು. ೧೯೬೩ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ರೈಫಲು ಸುಳ್ಳು ಹೆಸರಿನಲ್ಲಿ ಅಂಚೆಯ ಮೂಲಕ ತರಿಸಿಕೊಂಡದ್ದಾಗಿತ್ತು. ೧೯೬೮ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರ ಹತ್ಯೆಗಳೂ ಆದ ಮೇಲೆ ಅದೇ ವರ್ಷ ಬಂದೂಕು ನಿಯಂತ್ರಣ ಕಾಯಿದೆ ಬಂತು. ತಯಾರಕರೂ ಆಮದುದಾರರೂ ಪ್ರತಿ ಬಂದೂಕಿಗೆ ಕ್ರಮಾಂಕ ಕೊರೆಯಬೇಕು, ಬಂದೂಕಿನ ವ್ಯಾಪಾರ ಮಾಡುವವನು ಪರವಾನಗಿ ಪಡೆದಿರಬೇಕು, ಮಾರಾಟದ ದಾಖಲೆ ಇಡಬೇಕು ಎಂದು ಅದು ವಿಧಿಸಿತು. ಬಿಡಿಭಾಗಗಳ ಮಾತು ಬಂದಾಗ ಕಾಯಿದೆ ಒಂದೇ ಭಾಗವನ್ನು ಆರಿಸಿಕೊಂಡಿತು: ಬಂದೂಕಿನ ಒಡಲು. ಎಆರ್-೧೫ರಲ್ಲಿ ಟ್ರಿಗರನ್ನೂ ಮ್ಯಾಗಜಿನ್ನನ್ನೂ ಹಿಡಿದುಕೊಳ್ಳುವ ಕೆಳಗಿನ ಒಡಲನ್ನೇ, ಅಂದರೆ ಲೋವರ್ ರಿಸೀವರನ್ನೇ, ಅಲ್ಲಿನ ಇಲಾಖೆ ಬಂದೂಕೆಂದು ಎಣಿಸುತ್ತ ಬಂದಿದೆ. ನಳಿಗೆ ಬಂದೂಕಲ್ಲ, ಬೋಲ್ಟು ಬಂದೂಕಲ್ಲ, ಟ್ರಿಗರೂ ಅಲ್ಲ. ಅಂಗೈಗಿಂತ ತುಸು ದೊಡ್ಡದಾದ, ತಾನೇತಾನಾಗಿ ಒಂದು ಗುಬ್ಬಿಯನ್ನೂ ಕೊಲ್ಲಲಾರದ ಆ ಲೋಹದ ತುಂಡು ಮಾತ್ರ ಬಂದೂಕು. ಅದನ್ನು ಕೊಳ್ಳಲು ವ್ಯಾಪಾರಿಯ ಮುಂದೆ ಕುಳಿತು ಅರ್ಜಿ ತುಂಬಬೇಕು, ಪೂರ್ವಚರಿತ್ರೆಯ ತಪಾಸಣೆಗೆ ಒಳಗಾಗಬೇಕು. ಹದಿನೆಂಟು ತುಂಬಿದವನು ಪೂರ್ಣ ರೈಫಲನ್ನು ವ್ಯಾಪಾರಿಯಿಂದ ಕೊಳ್ಳಲು ಸಂಯುಕ್ತ ಕಾನೂನು ಅಡ್ಡಿಯಾಗದು, ಬರಿಯ ಒಡಲನ್ನು ಕೊಳ್ಳಲು ಮಾತ್ರ ಇಪ್ಪತ್ತೊಂದು ತುಂಬಿರಬೇಕು ಎಂಬ ವೈಚಿತ್ರ್ಯವೂ ಇದರಿಂದ ಹುಟ್ಟಿದೆ.

ಗ್ರೀಕ ದೊರೆ ಮಿಲಿಂದನಿಗೆ ಭಿಕ್ಷು ನಾಗಸೇನನು ಕೇಳಿದ ಪ್ರಶ್ನೆ ನಮಗೆ ಇಲ್ಲಿ ನೆನಪಾಗದಿರದು. ರಥದ ಚಕ್ರ ರಥವೆ? ಅಚ್ಚು ರಥವೆ? ನೊಗ ರಥವೆ? ಯಾವುದೂ ಅಲ್ಲ; ಇವೆಲ್ಲದರ ಕೂಟಕ್ಕೆ ನಾವಿಟ್ಟ ಹೆಸರು ಮಾತ್ರ ರಥ. ಭಿಕ್ಷುವಿಗೆ ಈ ಉತ್ತರ ಸಾಕು, ಏಕೆಂದರೆ ಅವನಿಗೆ ಬೇಕಾದುದು ವೈರಾಗ್ಯ. ಶಾಸಕನಿಗೆ ಸಾಲದು, ಏಕೆಂದರೆ ಅವನಿಗೆ ಬೇಕಾದುದು ಹೊಣೆಗಾರ. ಕೂಟದಲ್ಲಿ ಎಲ್ಲೋ ಒಂದು ಕಡೆ ಕೈಯಿಟ್ಟು "ಇದೇ" ಎನ್ನಲೇಬೇಕು. ೧೯೬೮ರ ಕಾಯಿದೆ ಅಷ್ಟನ್ನು ಮಾಡಿತು.

ಕೈಯಿಟ್ಟ ಜಾಗವನ್ನು ತಪ್ಪಿಸಿಕೊಳ್ಳುವ ದಾರಿಯನ್ನೂ ವ್ಯಾಪಾರ ಬೇಗನೆ ಕಂಡುಕೊಂಡಿತು. ಒಡಲನ್ನು ಪೂರ್ತಿ ಮುಗಿಸದೆ, ಕೆಲವು ಕೊರೆತಗಳನ್ನು ಉಳಿಸಿ, "ಇದಿನ್ನೂ ಎಂಬತ್ತು ಪ್ರತಿಶತ ಮಾತ್ರ, ಆದ್ದರಿಂದ ಬಂದೂಕಲ್ಲ" ಎಂದು ಮಾರತೊಡಗಿದರು. ಕ್ರಮಾಂಕವಿಲ್ಲ, ಅರ್ಜಿಯಿಲ್ಲ, ತಪಾಸಣೆಯಿಲ್ಲ. ಉಳಿದ ಕೆಲಸವನ್ನು ಕೊಂಡವನು ಮನೆಯಲ್ಲಿ ಮುಗಿಸಿದರೆ ಸರ್ಕಾರದ ಯಾವ ಕಾಗದದಲ್ಲೂ ಇಲ್ಲದ ಬಂದೂಕು ಸಿದ್ಧ. ಇಂಥವುಗಳಿಗೆ 'ದೆವ್ವದ ಬಂದೂಕು' ಎಂಬ ಅರ್ಥದ ಹೆಸರೇ ಅಲ್ಲಿ ರೂಢಿಗೆ ಬಂದಿದೆ. ೨೦೧೩ರ ಜೂನಿನಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದಲ್ಲಿ ಐವರನ್ನು ಕೊಂದ ತರುಣನ ಕೈಯಲ್ಲಿದ್ದುದು ಹೀಗೆ ಭಾಗಗಳಿಂದ ಕಟ್ಟಿದ ರೈಫಲು. ೨೦೧೭ರ ನವೆಂಬರಿನಲ್ಲಿ ಅದೇ ರಾಜ್ಯದ ರಾಂಚೊ ಟೆಹಾಮಾದಲ್ಲಿ ಐವರನ್ನು ಕೊಂದವನು ನ್ಯಾಯಾಲಯದ ಆದೇಶದಂತೆ ಬಂದೂಕು ಇಟ್ಟುಕೊಳ್ಳುವಂತೆಯೇ ಇರಲಿಲ್ಲ. ತನಗೆ ಬೇಕಾದ ರೈಫಲುಗಳನ್ನು ಅವನೇ ಮಾಡಿಕೊಂಡಿದ್ದ. ೨೦೧೯ರ ನವೆಂಬರಿನಲ್ಲಿ ಸಾಂಟಾ ಕ್ಲಾರಿಟಾದ ಶಾಲೆಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಇಬ್ಬರು ಸಹಪಾಠಿಗಳನ್ನು ಕೊಂದದ್ದು ಕ್ರಮಾಂಕವಿಲ್ಲದ, ಭಾಗಗಳಿಂದ ಜೋಡಿಸಿದ ಪಿಸ್ತೂಲಿನಿಂದ. ಪೊಲೀಸರು ವಶಪಡಿಸಿಕೊಂಡ ಇಂಥ ಬಂದೂಕುಗಳ ಸಂಖ್ಯೆ ೨೦೧೭ರಲ್ಲಿ ಸುಮಾರು ೧,೬೦೦ ಇದ್ದದ್ದು ೨೦೨೧ರಲ್ಲಿ ೧೯,೦೦೦ವನ್ನು ದಾಟಿತು.

೨೦೨೨ರಲ್ಲಿ ಅಮೆರಿಕದ ಸಂಬಂಧಪಟ್ಟ ಇಲಾಖೆ ನಿಯಮವೊಂದನ್ನು ತಂದು, ಸುಲಭವಾಗಿ ಬಂದೂಕಾಗಿ ಪರಿವರ್ತಿಸಬಹುದಾದ ಭಾಗಸಂಚಿಗಳಿಗೂ ಅಪೂರ್ಣ ಒಡಲುಗಳಿಗೂ ಕ್ರಮಾಂಕ, ತಪಾಸಣೆಗಳು ಅನ್ವಯಿಸುತ್ತವೆ ಎಂದಿತು. ವ್ಯಾಪಾರಿಗಳೂ ಹವ್ಯಾಸಿಗಳೂ ಇದನ್ನು ಪ್ರಶ್ನಿಸಿದ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೨೦೨೫ರ ಮಾರ್ಚ್ ೨೬ರಂದು ನ್ಯಾಯಾಲಯ ಏಳಕ್ಕೆ ಎರಡು ಮತಗಳಿಂದ ನಿಯಮವನ್ನು ಎತ್ತಿಹಿಡಿಯಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಗಾರ್ಸಚ್ ಅವರು ಹಿಡಿದ ದಾರಿ ನಮ್ಮ ವೈಯಾಕರಣರಿಗೆ ಪ್ರಿಯವಾಗುವಂಥದು. ನಾಮಪದಗಳು ಹೇಗೆ ಅರ್ಥ ಕೊಡುತ್ತವೆ ಎಂದು ಅವರು ವಿಚಾರಿಸಿದರು. ಲೇಖಕನು ಇನ್ನೂ ಮುಗಿಯದ ಹಸ್ತಪ್ರತಿಯನ್ನು ಗೆಳೆಯನ ಕೈಗಿಟ್ಟು ಅದನ್ನು ತನ್ನ ಕಾದಂಬರಿ ಎನ್ನುವುದಿಲ್ಲವೆ? ಅಂಗಡಿಯಿಂದ ಹಲಗೆ-ಮೊಳೆಗಳ ಪೆಟ್ಟಿಗೆ ತಂದವನು ಜೋಡಿಸುವ ಮೊದಲೇ ಮೇಜು ತಂದೆ ಎನ್ನುವುದಿಲ್ಲವೆ? ಹಾಗೆಯೇ ಬಂದೂಕು. ಇಲಾಖೆಯ ಪರೀಕ್ಷೆಯಲ್ಲಿ ಒಂದು ಸಂಚಿ ಇಪ್ಪತ್ತೊಂದು ನಿಮಿಷದಲ್ಲಿ ಗುಂಡು ಹಾರಿಸುವ ಪಿಸ್ತೂಲಾಯಿತೆಂಬುದನ್ನೂ ತೀರ್ಪು ದಾಖಲಿಸಿದೆ. ಇಪ್ಪತ್ತೊಂದು ನಿಮಿಷದ ಕೆಲಸ ಬಾಕಿಯಿದೆ ಎಂಬುದು ವಸ್ತುವಿನ ಹೆಸರನ್ನು ಬದಲಿಸಲಾರದು ಎಂಬುದು ನನಗಂತೂ ಒಪ್ಪಿಗೆಯಾದ ಮಾತು.

ಎದುರು ಪಕ್ಷದ ಮಾತನ್ನು ಕಡೆಗಣಿಸುವಂತಿಲ್ಲ. ಅದರಲ್ಲಿ ಮೂರು ವಾದಗಳಿವೆ. ಒಂದು, ತನ್ನ ಬಳಕೆಗೆಂದು ಮನೆಯಲ್ಲಿ ಬಂದೂಕು ಮಾಡಿಕೊಳ್ಳುವುದು ಆ ದೇಶದಷ್ಟೇ ಹಳೆಯ ರೂಢಿ. ಮಾಡಿದವನು ಅದಕ್ಕೆ ಕ್ರಮಾಂಕ ಹಾಕಬೇಕೆಂದು ಸಂಯುಕ್ತ ಕಾನೂನು ವಿಧಿಸಿರಲೂ ಇಲ್ಲ. ಎರಡು, ಹವ್ಯಾಸಿಗಳಲ್ಲಿ ಬಹುಪಾಲು ಜನ ನಿರಪಾಯಿಗಳು. ಕೆಲವರ ಪಾಪಕ್ಕೆ ಎಲ್ಲರನ್ನೂ ಸರ್ಕಾರದ ಪಟ್ಟಿಯಲ್ಲಿ ಬರೆದರೆ ನಾಳೆ ಆ ಪಟ್ಟಿ ಹಿಡಿದು ಬಾಗಿಲು ತಟ್ಟುವವರು ಯಾರೋ? ಮೂರು, ಮನಸ್ಸು ಮಾಡಿದವನನ್ನು ಯಾವ ಕಾನೂನೂ ತಡೆಯಲಾರದು. ಬಂದೂಕಿನ ಮೇಲೆ ಅತ್ಯಂತ ಕಠಿಣ ನಿರ್ಬಂಧವಿರುವ ಜಪಾನಿನಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ೨೦೨೨ರ ಜುಲೈ ೮ರಂದು ಕೊಂದದ್ದು ಮನೆಯಲ್ಲೇ ಕಟ್ಟಿದ ಬಂದೂಕು.

ಮೂರನೆಯ ವಾದದಿಂದಲೇ ಆರಂಭಿಸುತ್ತೇನೆ. ಬೀಗ ಮುರಿಯುವ ಕಳ್ಳನಿದ್ದಾನೆಂದು ಯಾರೂ ಬಾಗಿಲು ತೆರೆದಿಟ್ಟು ಮಲಗುವುದಿಲ್ಲ. ಜಪಾನಿನಲ್ಲಿ ಅಂಥ ಹತ್ಯೆ ಲೋಕವನ್ನೇ ಬೆಚ್ಚಿಬೀಳಿಸುವಷ್ಟು ವಿರಳವಾಗಿದೆ ಎಂಬುದೇ ಕಾನೂನಿನ ಫಲ. ಬಿಡಿಭಾಗದ ಮೇಲಿನ ಹಿಡಿತ ಸಡಿಲವಾದಾಗ ಏನಾಗುತ್ತದೆಂಬುದಕ್ಕೆ ನ್ಯೂಜಿಲೆಂಡಿನ ಉದಾಹರಣೆ ಇದೆ. ೨೦೧೯ರ ಮಾರ್ಚ್ ೧೫ರಂದು ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ ೫೧ ಜನರ ಸಾವಿಗೆ ಕಾರಣನಾದವನು ಸಾಮಾನ್ಯ ಪರವಾನಗಿಯ ಮೇಲೆಯೇ ರೈಫಲುಗಳನ್ನು ಕೊಂಡಿದ್ದ. ಹೆಚ್ಚು ತೋಟಾ ಹಿಡಿಯುವ ಮ್ಯಾಗಜಿನ್ನುಗಳನ್ನು ಮಾತ್ರ ಬೇರೆಯಾಗಿ ತಂದು ಸೇರಿಸಿದ್ದ. ಬಂದೂಕಿಗೆ ಪರವಾನಗಿ ಬೇಕಿತ್ತು, ಈ ಭಾಗಕ್ಕೆ ಬೇಕಿರಲಿಲ್ಲ. ಒಂದೇ ತಿಂಗಳೊಳಗೆ ಆ ದೇಶದ ಸಂಸತ್ತು ೧೧೯ಕ್ಕೆ ೧ ಮತದಿಂದ ಕಾಯಿದೆಯನ್ನು ಬಿಗಿಗೊಳಿಸಿ ಭಾಗಗಳನ್ನೂ ಅದರಡಿ ತಂದಿತು. ಆ ವೇಳೆಗೆ ಆ ೫೧ ಜನರ ಮನೆಗಳಲ್ಲಿ ದುಃಖ ಬಂದು ಕುಳಿತಿತ್ತು.

ಎರಡನೆಯ ವಾದಕ್ಕೆ ನನ್ನ ಉತ್ತರ ಬೇರೆ ರೀತಿಯದು. ಸರ್ಕಾರದ ಮೇಲಿನ ಶಂಕೆಯನ್ನು ನಾನು ಹೀಗಳೆಯುವುದಿಲ್ಲ. ನಮ್ಮ ನಾಡಿನ ಚರಿತ್ರೆಯಲ್ಲೇ ಅದಕ್ಕೆ ಆಧಾರವಿದೆ. ೧೮೭೮ರಲ್ಲಿ ಲಿಟನ್ ವೈಸರಾಯನಾಗಿದ್ದಾಗ ಬಂದ ಶಸ್ತ್ರ ಕಾಯಿದೆ ಭಾರತೀಯನ ಕೈಯಿಂದ ಶಸ್ತ್ರ ಕಿತ್ತು, ಐರೋಪ್ಯರಿಗೆ ವಿನಾಯಿತಿ ಕೊಟ್ಟಿತು. ಸ್ವಾತಂತ್ರ್ಯಾನಂತರ ೧೯೫೯ರ ಶಸ್ತ್ರ ಕಾಯಿದೆ ಆ ವರ್ಣಭೇದವನ್ನು ಅಳಿಸಿತಾದರೂ ನಿರ್ಬಂಧದ ಬಿಗಿಯನ್ನು ಉಳಿಸಿಕೊಂಡಿತು. ಅಮೆರಿಕದ ಕಾಯಿದೆ ಒಂದು ಭಾಗದ ಮೇಲೆ ಕೈಯಿಟ್ಟಿದ್ದರೆ ನಮ್ಮ ಕಾಯಿದೆ ಎಲ್ಲ ಭಾಗಗಳ ಮೇಲೂ ಕೈಯಿಟ್ಟಿದೆ. ಶಸ್ತ್ರವೆಂಬ ಪದದ ವ್ಯಾಖ್ಯೆಯಲ್ಲೇ ಶಸ್ತ್ರದ ಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಪರವಾನಗಿಯಿಲ್ಲದೆ ತಯಾರಿಸಿದರೆ ೨೦೧೯ರ ತಿದ್ದುಪಡಿಯ ಮೇಲೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸೆರೆ. ಹಾಗಿದ್ದೂ ಬಿಹಾರದ ಮುಂಗೇರಿನ ಕಳ್ಳ ಕುಲುಮೆಗಳು ಆರಿಲ್ಲ, 'ಕಟ್ಟಾ' ಎಂಬ ನಾಡಪಿಸ್ತೂಲು ಉತ್ತರದ ಚುನಾವಣೆಗಳ ಸುದ್ದಿಗಳಿಂದ ಮರೆಯಾಗಿಲ್ಲ. ನಮ್ಮ ಮಲೆನಾಡಿನ ಕಾಡಂಚಿನ ಹಳ್ಳಿಗಳಲ್ಲಿ ಕೇಪಿನ ಕಳ್ಳಕೋವಿಗಳೂ ಅಪರೂಪವಲ್ಲ. ಇನ್ನೊಂದು ಕಡೆ, ಪರವಾನಗಿ ಎಂಬುದು ಎಷ್ಟೋ ಊರುಗಳಲ್ಲಿ ರಕ್ಷಣೆಗಿಂತ ಹೆಚ್ಚಾಗಿ ಪ್ರತಿಷ್ಠೆಯ ಗುರುತಾಗಿ, ಉಳ್ಳವರ ಗೋಡೆಯ ಅಲಂಕಾರವಾಗಿದೆ. ಆದ್ದರಿಂದ ನಮ್ಮ ವ್ಯವಸ್ಥೆಯೇ ಶ್ರೇಷ್ಠ, ಅಮೆರಿಕದವರು ನಮ್ಮಿಂದ ಕಲಿಯಲಿ ಎನ್ನುವ ಹುಂಬತನಕ್ಕೆ ನಾನು ಸಿದ್ಧನಿಲ್ಲ.

ಬಂದೂಕು ಮತ್ತು ಹೊಣೆ ಒಟ್ಟಿಗೆ ಬಾಳಬಲ್ಲವು ಎಂಬುದಕ್ಕೆ ಕನ್ನಡನಾಡಿನಲ್ಲೇ ಸಾಕ್ಷಿಯಿದೆ. ೧೮೬೧ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದಿದೆ. ಕೊಡವರೂ ಜಮ್ಮಾ ಹಿಡುವಳಿದಾರರೂ ಪರವಾನಗಿಯಿಲ್ಲದೆ ಕೋವಿ ಹೊಂದಬಹುದೆಂಬುದನ್ನು ೨೦೧೯ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಗಳಿಗೆ ವಿಸ್ತರಿಸಿತು. ೨೦೨೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಮಾನ್ಯ ಮಾಡಿತು. ಆದರೆ ಅಲ್ಲಿ ಕೋವಿ ಒಬ್ಬಂಟಿಯ ಸೊತ್ತಲ್ಲ. ಕೈಲ್‌ಪೊಳ್ದಿನಂದು ಅದನ್ನು ತೊಳೆದು, ನಳಿಗೆಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುತ್ತಾರೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವ ವಾಡಿಕೆ. ಯಾವ ಐನ್‌ಮನೆಯಲ್ಲಿ ಯಾವ ಕೋವಿಯಿದೆ ಎಂಬುದು ಊರಿಗೆಲ್ಲ ಗೊತ್ತು. ಗಮನಿಸಬೇಕಾದುದೆಂದರೆ, ಆ ವಿನಾಯಿತಿ ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ತಯಾರಿಸುವುದಕ್ಕಲ್ಲ. ಬಚ್ಚಿಡದ ಕೋವಿಗೆ ಊರೇ ಸಾಕ್ಷಿ. ಟೆಕ್ಸಾಸಿನ ಬಡಾವಣೆಯಲ್ಲಿ ಪಕ್ಕದ ಮನೆಯವನ ಹೆಸರೂ ತಿಳಿಯದೆ ವರ್ಷಗಟ್ಟಲೆ ಬದುಕುವವರಿಗೆ ಅಂಥ ಊರು ಎಲ್ಲಿಂದ ಬರಬೇಕು? ಅಲ್ಲಿ ಊರಿನ ಕೆಲಸವನ್ನು ಕ್ರಮಾಂಕವೇ ಮಾಡಬೇಕು.

ಹೀಗೆ ನಾನು ಮೊದಲನೆಯ ವಾದಕ್ಕೆ, ರೂಢಿಯ ವಾದಕ್ಕೆ, ಬರುತ್ತೇನೆ. ಕೈಕಸುಬಿನ ಪರಂಪರೆಯನ್ನು ಮುಂದಿಟ್ಟು ಕ್ರಮಾಂಕವನ್ನು ವಿರೋಧಿಸುವುದು ಕಸುಬಿನ ಅರ್ಥವನ್ನೇ ತಲೆಕೆಳಗು ಮಾಡಿದಂತೆ. ಬೇಲೂರಿಗೆ ಹೋದವರು ಮದನಿಕೆಯರ ಅಡಿಯಲ್ಲಿ ಕೊರೆದ ಹೆಸರುಗಳನ್ನು ನೋಡಿರುತ್ತಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರೆಲ್ಲ ತಮ್ಮ ಕೈಯಿಂದ ಮೂಡಿದ ಕಲ್ಲಿನ ಮೇಲೆ ತಮ್ಮ ಹೆಸರನ್ನು ಕೆತ್ತಿದರು. ರೂವಾರಿ ಮಲ್ಲಿತಮ್ಮನ ಹೆಸರು ಎಷ್ಟೋ ಹೊಯ್ಸಳ ಗುಡಿಗಳಲ್ಲಿದೆ. ವಚನಕಾರರು ಅಂಕಿತವಿಲ್ಲದೆ ಮಾತು ಮುಗಿಸಲಿಲ್ಲ. ಕೆಲಸದ ಕೊನೆಗೆ ಹೆಸರು ಬರುವುದು ಗರ್ವದಿಂದಲ್ಲ. ಇದಕ್ಕೆ ನಾನು ಹೊಣೆ ಎಂಬ ಒಪ್ಪಿಗೆಯಿಂದ. ನಮ್ಮ ವ್ಯಾಕರಣದಲ್ಲಿ ಬಂದೂಕು ಎಂಬುದು ರೂಢನಾಮ. ಅದಕ್ಕೆ ಅಂಕಿಯನ್ನು ಕೊರೆದಾಗ ಅದು ಅಂಕಿತನಾಮವಾಗುತ್ತದೆ. ಸಾವಿರಾರು ಬಂದೂಕುಗಳಲ್ಲಿ ಇದು, ಇಂಥವನದು ಎಂದಾಗುತ್ತದೆ. ಟೂಲ್‌ರೂಮಿನಲ್ಲಿ ನಾವು ಮಾಡಿದ ಪ್ರತಿ ಅಚ್ಚಿನ ಮೇಲೂ ಮಾಡಿದವನ ಗುರುತಿನ ಅಂಕಿ ಇರುತ್ತಿತ್ತು. ಅಚ್ಚು ಕೆಟ್ಟರೆ ಅಂಕಿ ನೋಡಿ ಕರೆಯುತ್ತಿದ್ದರು. ಆ ಕರೆಗೆ ಹೆದರಿಯೇ ನಾವು ಮೈಕ್ರೋಮೀಟರನ್ನು ಇನ್ನೊಮ್ಮೆ ಹಿಡಿಯುತ್ತಿದ್ದೆವು. ಅಂಕಿತ ಹಾಕಲು ಒಲ್ಲದ ಕೆಲಸಗಾರನ ಕೆಲಸವನ್ನು ನಾವು ಒಳಗೆ ತೆಗೆದುಕೊಳ್ಳುತ್ತಿರಲಿಲ್ಲ.

ಹಂಚಿಹೋದ ಹೊಣೆ ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು ಇದೇ ರೈಫಲಿನ ಬಾಲ್ಯ ತೋರಿಸುತ್ತದೆ. ವಿಯೆಟ್ನಾಮಿನಲ್ಲಿ ಹೊಸ ಎಂ-೧೬ಗಳು ಯುದ್ಧದ ನಡುವೆ ಸಿಕ್ಕಿಹಾಕಿಕೊಳ್ಳತೊಡಗಿ, ಕೆಟ್ಟುನಿಂತ ರೈಫಲನ್ನು ಕೈಯಲ್ಲಿ ಹಿಡಿದೇ ಸೈನಿಕರು ಸತ್ತರು. ತೋಟಾದ ಮದ್ದನ್ನು ಯಾರೋ ಬದಲಿಸಿದ್ದರು. ಕೋಣೆಯ ಒಳಮೈಗೆ ಕ್ರೋಮಿಯಂ ಲೇಪ ಬೇಡವೆಂದು ಇನ್ಯಾರೋ ತೀರ್ಮಾನಿಸಿದ್ದರು. ಶುಚಿಗೊಳಿಸುವ ಸಾಮಗ್ರಿಯೂ ಶಿಕ್ಷಣವೂ ಸಾಕಷ್ಟು ತಲುಪಿರಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ತುಂಡನ್ನಷ್ಟೇ ನೋಡಿದ್ದ, ಇಡಿಯನ್ನು ಯಾರೂ ನೋಡಿರಲಿಲ್ಲ. ೧೯೬೭ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಬೇಕಾಯಿತು. ಸರ್ಕಾರದ ಕೈಯಲ್ಲಿದ್ದಾಗಲೇ ಹೀಗಾದರೆ, ಹತ್ತು ಅಂಗಡಿಗಳ ಪೊಟ್ಟಣಗಳು ಒಂದು ಮೇಜಿನ ಮೇಲೆ ಕೂಡುವಾಗ ಇಡಿಯನ್ನು ನೋಡುವವನು ಜೋಡಿಸುವವನೊಬ್ಬನೇ. ಮೊದಲ ಬಾರಿಗೆ ಜೋಡಿಸುವವನು ಈ ಭಾರವನ್ನು ತಿಳಿದೇ ಪಟ್ಟಿ ಬರೆಯಬೇಕು.

ನನ್ನ ಅಳಿಯನಿಗೆ ನಾನು ಬರೆದದ್ದೂ ಇಷ್ಟೇ. ನಳಿಗೆಯ ಬಗ್ಗೆ, ಗೇಜಿನ ಬಗ್ಗೆ ತಿಳಿದುದನ್ನು ಹೇಳಿದೆ. ಪಟ್ಟಿಯ ಮೊದಲ ಸಾಲಿನಲ್ಲಿ ಕ್ರಮಾಂಕವಿರುವ ಒಡಲು ಇರಲಿ, ಅದನ್ನು ಪರವಾನಗಿಯ ವ್ಯಾಪಾರಿಯಿಂದ ಅರ್ಜಿ ತುಂಬಿಯೇ ತಗೋ, ಬೀಗವಿರುವ ಕಬ್ಬಿಣದ ಕಪಾಟನ್ನು ರೈಫಲಿಗಿಂತ ಮೊದಲು ಕೊಳ್ಳು ಎಂದೆ. ಮನೆಯಲ್ಲಿ ಎಂಟು ವರ್ಷದ ಹುಡುಗಿಯಿದ್ದಾಳೆ ಎಂಬುದನ್ನು ನೆನಪಿಸುವ ಅಗತ್ಯವಿರಲಿಲ್ಲ, ಆದರೂ ನೆನಪಿಸಿದೆ. ಅವನು ಅಂತೆಯೇ ಮಾಡಿದ. ಅವನ ಮನೆಯಲ್ಲಿ ಬಂದೂಕಿರುವುದು ಅಕ್ಕನಿಗೆ ಇಂದಿಗೂ ಸಮಾಧಾನದ ವಿಷಯವಲ್ಲ. ಆ ಅಸಮಾಧಾನವನ್ನು ನಾನು ಗೌರವಿಸುತ್ತೇನೆ. ಯಾವ ಕ್ರಮಾಂಕವೂ ಅದನ್ನು ಪೂರ್ತಿ ತೆಗೆಯಲಾರದು.

ಇದೇ ಹವ್ಯಾಸಕ್ಕೆ ಮನಸೋತ ಮಕ್ಕಳಿರುವ ಮನೆಗಳಿಗೆ ಎರಡು ಮಾತು ಹೇಳಲೇಬೇಕಾಗಿದೆ. ಎಚ್-೧ಬಿ ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಅಮೆರಿಕದಲ್ಲಿರುವವರು ಅಲ್ಲಿನ ಸಂಯುಕ್ತ ಕಾನೂನಿನಂತೆ, ಬೇಟೆಯ ಪರವಾನಗಿಯಂಥ ಕೆಲವು ಅಪವಾದಗಳನ್ನು ಬಿಟ್ಟರೆ, ಬಂದೂಕು ಅಥವಾ ತೋಟಾ ಹೊಂದುವಂತೆಯೇ ಇಲ್ಲ. ಗೆಳೆಯರೆಲ್ಲ ಕೊಳ್ಳುತ್ತಾರೆಂದು ಒಡಲೊಂದನ್ನು ಕೊಂಡವನು ಕಳೆದುಕೊಳ್ಳುವುದು ವೀಸಾವನ್ನಷ್ಟೇ ಅಲ್ಲ, ಸೆರೆಮನೆಯನ್ನೂ ಕಾಣಬಹುದು. ಎರಡನೆಯದಾಗಿ, ಅಲ್ಲಿ ಬಂದೂಕಲ್ಲದ ಭಾಗ ಇಲ್ಲಿ ಶಸ್ತ್ರವೇ. ನಳಿಗೆಯನ್ನೋ ಮ್ಯಾಗಜಿನ್ನನ್ನೋ ತಾಯ್ನಾಡಿಗೆ ತರುವುದಿರಲಿ, ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ಸಿಕ್ಕಿ ನಮ್ಮ ವಿಮಾನ ನಿಲ್ದಾಣಗಳಲ್ಲಿ ಮೊಕದ್ದಮೆಗೆ ಒಳಗಾದವರಿದ್ದಾರೆ. ತಿಳಿದು ತಂದದ್ದಲ್ಲವೆಂದು ಸಾಧಿಸಿ ಬಿಡುಗಡೆಯಾಗುವಷ್ಟರಲ್ಲಿ ಮದುವೆಗೆಂದು ಬಂದವನ ರಜೆಯೂ ನೆಮ್ಮದಿಯೂ ಮುಗಿದಿರುತ್ತವೆ.

ಕಾನೂನುಗಳು ಬದಲಾಗುತ್ತವೆ. ಇಂದು ಒಂದು ನ್ಯಾಯಾಲಯ ಎತ್ತಿಹಿಡಿದುದನ್ನು ನಾಳೆ ಒಂದು ಸರ್ಕಾರ ಸಡಿಲಿಸಬಹುದು. ಮನೆಯಲ್ಲೇ ಪ್ಲಾಸ್ಟಿಕ್ಕಿನ ಭಾಗಗಳನ್ನು ಅಚ್ಚೊತ್ತುವ ಯಂತ್ರಗಳು ಬಂದ ಮೇಲೆ, ೨೦೧೩ರ ಮೇ ತಿಂಗಳಲ್ಲಿ ಟೆಕ್ಸಾಸಿನಲ್ಲೇ ಮೊದಲ ಅಂಥ ಪಿಸ್ತೂಲಿನ ನಕ್ಷೆ ಬಹಿರಂಗವಾದ ಮೇಲೆ, ಯಾವ ಭಾಗದ ಮೇಲೆ ಕೈಯಿಡಬೇಕೆಂಬ ಪ್ರಶ್ನೆ ಇನ್ನಷ್ಟು ಜಟಿಲವಾಗಿದೆ. ಅಂಗಡಿಯನ್ನು ಕಾಯುವ ಕಾನೂನು ಅಡುಗೆಮನೆಯನ್ನು ಕಾಯಲಾರದ ದಿನ ಬಂದರೆ ಉಳಿಯುವುದು ಮಾಡುವವನ ಮನಸ್ಸೊಂದೇ. ಆದ್ದರಿಂದಲೇ ಅಂಕಿತದ ಮಾತನ್ನು ನಾನು ಕಾನೂನಿಗಿಂತ ಹೆಚ್ಚಾಗಿ ಕಸುಬಿನ ನೀತಿಯಾಗಿ ಹೇಳುತ್ತಿದ್ದೇನೆ. ಮಾಡುವ ಸ್ವಾತಂತ್ರ್ಯ ಬೇಕೆನ್ನುವವನು ಮಾಡಿದ್ದನ್ನು ನನ್ನದೆನ್ನುವ ಧೈರ್ಯವನ್ನೂ ತೋರಿಸಲಿ. ತನ್ನ ಹೆಸರನ್ನು ಕೊರೆಯಲು ಕೈ ಹಿಂಜರಿಯುವ ಯಾವ ವಸ್ತುವನ್ನೂ ಕುಶಲಕರ್ಮಿ ಮಾಡಬಾರದು, ಬಂದೂಕನ್ನಂತೂ ಮಾಡಲೇಬಾರದು.